ನೆರಳಲ್ಲ ಮಾರಾಯ್ರೇ, ಅದು ಬೆಳಕು

ಹಂಪಿಗೆ ಹೋದವರು ವಿರೂಪಾಕ್ಷನ ಗುಡಿಯ ಹಿಂಬದಿಯ ಆ ಕತ್ತಲೆ ಕೋಣೆಯನ್ನು ನೋಡದೆ ಬರುವುದಿಲ್ಲ. ಗರ್ಭಗುಡಿಗೆ ಒಂದು ಸುತ್ತು ಬಂದು, ಹಿಂದೆ ನಾಲ್ಕಾರು ಮೆಟ್ಟಿಲು ಹತ್ತಿದರೆ ಸಿಗುತ್ತದೆ. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಅದರ ಎದುರು ಗೋಡೆಯ ಮೇಲೆ ರಾಜಗೋಪುರ. ತಲೆಕೆಳಗಾಗಿ.

ಕಳೆದ ಸಲ ಹೋದಾಗ ನನ್ನ ಮುಂದೆ ಇಪ್ಪತ್ತು ಜನರ ಒಂದು ಗುಂಪು ಇತ್ತು. ಅವರ ಗೈಡು ಗೋಡೆ ತೋರಿಸಿ ಹೇಳಿದ: "ನೋಡ್ರಿ, ಸೂರ್ಯನ ಬೆಳಕು ಗೋಪುರದ ಮ್ಯಾಲೆ ಬಿದ್ದು ಅದರ ನೆರಳು ಇಲ್ಲಿಗೆ ಬರ್ತೈತಿ. ನೆರಳು ಉಲ್ಟಾ ಯಾಕ ಆಗ್ತೈತಿ ಅಂತ ಇವತ್ತಿನ ತನಕ ಯಾವ ವಿಜ್ಞಾನಿಗೂ ಗೊತ್ತಾಗಿಲ್ಲ." ಎಲ್ಲರೂ ಕೈಮುಗಿದರು. ಒಬ್ಬರು ಸರಿಯಾಗಿ ಕಾಣಲಿ ಅಂತ ಮೊಬೈಲಿನ ಟಾರ್ಚ್ ಹಾಕಿ ಗೋಡೆಗೆ ಹಿಡಿದರು. ಗೋಪುರ ಮಾಯ! "ಏನೂ ಇಲ್ವಲ್ರೀ ಇಲ್ಲಿ" ಅಂತ ಬೇಜಾರು ಮಾಡಿಕೊಂಡು ಹೊರಗೆ ಹೋದರು.

ನಗು ಬಂತು, ಸಿಟ್ಟೂ ಬಂತು. ವಿಜ್ಞಾನಿಗಳಿಗೆ ಗೊತ್ತಿಲ್ಲ ಅನ್ನುವುದು ಬಿಡಿ, ಇದು ಸಾವಿರ ವರ್ಷದ ಹಿಂದೆಯೇ ಬಿಡಿಸಿದ ಲೆಕ್ಕ. ನನಗೆ ಜಾಸ್ತಿ ಚುಚ್ಚಿದ್ದು ಇನ್ನೊಂದು ಮಾತು. ಅದು ನೆರಳು ಅಲ್ಲವೇ ಅಲ್ಲ. ನೆರಳು ಅಂದರೆ ಬೆಳಕು ಇಲ್ಲದ ಜಾಗ. ಗೋಡೆ ಮೇಲೆ ಕಾಣುವುದು ಬೆಳಕು. ಗೋಪುರದಿಂದ, ಅದರ ಹಿಂದಿನ ಆಕಾಶದಿಂದ ಹೊರಟು, ಕಿಂಡಿ ದಾಟಿ ಬಂದ ಬೆಳಕು. ಬಾವಿ ನೀರಿನಲ್ಲಿ ಮುಖ ಕಂಡರೂ 'ನೆರಳು' ಅನ್ನುವ ರೂಢಿ ನಮ್ಮಲ್ಲಿದೆ, ಹಾಗಾಗಿ ಆ ಪದವನ್ನು ಪೂರ್ತಿ ದೂರುವುದಿಲ್ಲ. ಆದರೆ ನೆರಳು ಅಂದುಕೊಂಡೇ ಯೋಚಿಸಲು ಹೊರಟರೆ ದಾರಿ ತಪ್ಪಿತು ಅಂತಲೇ ಲೆಕ್ಕ.

ಸಂಶಯವಿದ್ದರೆ ಮಧ್ಯಾಹ್ನ ಮೂರೂವರೆಗೆ ಹೋಗಿ ನೋಡಿ. ಆ ಹೊತ್ತಿಗೆ ಸೂರ್ಯ ಪಶ್ಚಿಮಕ್ಕೆ ವಾಲಿರುತ್ತಾನೆ. ಗೋಪುರದ ನಿಜವಾದ ನೆರಳು ಪೂರ್ವಕ್ಕೆ, ಹಂಪಿ ಬಜಾರಿನ ಬೀದಿಯ ಮೇಲೆ ಉದ್ದಕ್ಕೆ ಮಲಗಿರುತ್ತದೆ. ಎಳನೀರು ಮಾರುವವರು ಅದರೊಳಗೆ ಕೂತಿರುತ್ತಾರೆ. ನಮ್ಮ ಕೋಣೆ ಇರುವುದು ಗೋಪುರದ ಪಶ್ಚಿಮಕ್ಕೆ. ಆದರೂ ಗೋಡೆ ಮೇಲಿನ ಗೋಪುರ ಎಲ್ಲಿತ್ತೋ ಅಲ್ಲೇ ಇದೆ! ನೆರಳು ಪೂರ್ವಕ್ಕೆ ಹೋಯಿತು, ಇದು ಪಶ್ಚಿಮದಲ್ಲೇ ಉಳಿಯಿತು. ಹಾಗಾದರೆ ಇದು ನೆರಳಲ್ಲ, ಅಲ್ವಾ?

ಬೆಳಗ್ಗೆ ನೋಡಿದವರಿಗೆ ಅದು ನೆರಳಿನ ಹಾಗೆ ಯಾಕೆ ಕಾಣುತ್ತದೆ ಅನ್ನುವುದಕ್ಕೂ ಕಾರಣ ಇದೆ. ಬೆಳಗ್ಗೆ ಸೂರ್ಯ ಗೋಪುರದ ಆಚೆ, ಪೂರ್ವದಲ್ಲಿ. ನಮ್ಮ ಕಡೆಯ ಮುಖಕ್ಕೆ ಬಿಸಿಲಿಲ್ಲ. ಹಿಂದಿನ ಆಕಾಶ ಮಾತ್ರ ಬೆಳ್ಳಗೆ ಹೊಳೆಯುತ್ತಿದೆ. ಕಿಟಕಿಗೆ ಬೆನ್ನು ಹಾಕಿ ನಿಂತವರ ಫೋಟೊ ತೆಗೆದರೆ ಮುಖ ಕಪ್ಪಾಗಿ ಬರುವುದಿಲ್ಲವೇ, ಅದೇ ಕಥೆ. ಬೆಳ್ಳಗಿನ ಆಕಾಶದಲ್ಲಿ ಕಪ್ಪು ಗೋಪುರ. ಬಿಸಿಲು ತಿರುಗಿದ ಮೇಲೆ, ಕತ್ತಲೆಗೆ ಕಣ್ಣು ಹೊಂದಿಕೊಳ್ಳುವ ತನಕ ಹತ್ತು ನಿಮಿಷ ಸುಮ್ನೆ ನಿಂತರೆ, ಆಕಾಶಕ್ಕೆ ನೀಲಿ ಬರುತ್ತದೆ. ಗೋಪುರದ ಮೈಗೆ ಅದರ ಬಣ್ಣ ಬರುತ್ತದೆ. ಒಂದು ಪಾರಿವಾಳ ಹೊಟ್ಟೆ ಮೇಲೆ ಮಾಡಿಕೊಂಡು ಹಾರಿ ಹೋಗುತ್ತದೆ. ಯಾವ ನೆರಳಿಗೆ ಬಣ್ಣ ಇರುತ್ತದೆ ಹೇಳಿ?

ಇನ್ನು ಅಸಲಿ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಲು ಸಿಕ್ಕರೆ ನಾನು ಊಟ ಬಿಟ್ಟೇನು. "ಕಿಂಡಿ ಚಿತ್ರ ಮಾಡುತ್ತದೆ" ಅಂತ ಎಲ್ಲರೂ ಹೇಳುತ್ತಾರೆ. ಕಿಂಡಿ ಏನನ್ನೂ ಮಾಡುವುದಿಲ್ಲ. ಚಿತ್ರ ಗೋಡೆ ಮೇಲೆ ಮೊದಲೇ ಇರುತ್ತದೆ. ಒಂದಲ್ಲ, ಲೆಕ್ಕವಿಲ್ಲದಷ್ಟು.

ಗೋಪುರದ ಮೇಲಿನ ಒಂದು ಗಾರೆ ಗೊಂಬೆ ತೆಗೆದುಕೊಳ್ಳಿ. ಅದರ ಮೂಗಿನ ತುದಿಗೆ ಬಿಸಿಲು ಬಿದ್ದಾಗ ಅಲ್ಲಿಂದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಅದಕ್ಕೇ ಅಂಗಳದಲ್ಲಿ ಎಲ್ಲಿ ನಿಂತರೂ ಆ ಮೂಗು ನಮಗೆ ಕಾಣುತ್ತದೆ. ಗುಡಿಯ ಹೊರಗೋಡೆಗೂ ಆ ಮೂಗಿನ ಬೆಳಕು ಬೀಳುತ್ತಿದೆ, ಗೋಡೆಯ ಎಲ್ಲ ಕಡೆಗೂ. ಅದೇ ಗೋಡೆಗೆ ಗೊಂಬೆಯ ಕಿವಿಯಿಂದಲೂ ಬೆಳಕು ಬೀಳುತ್ತಿದೆ. ಕಲಶದಿಂದಲೂ, ಗೋಪುರದ ಮೇಲೆ ಕೂತ ಮಂಗನ ಬಾಲದಿಂದಲೂ. ಎಲ್ಲದರ ಬೆಳಕು ಎಲ್ಲ ಕಡೆಗೂ ಬಿದ್ದು ಕಲಸಿ ಹೋಗಿ ಗೋಡೆ ಸುಮ್ನೆ ಬೆಳ್ಳಗೆ ಕಾಣುತ್ತದೆ.

ರಂಗೋಲಿ ಹಾಕುವ ತೂತಿನ ತಟ್ಟೆ ಗೊತ್ತಲ್ಲ, ಪುಡಿ ಸುರಿದು ಎಳೆದರೆ ನೆಲದ ಮೇಲೆ ನವಿಲು ಮೂಡುತ್ತದೆ. ಒಂದು ಸಲ ಎಳೆದರೆ ನವಿಲು. ಒಂದು ಬೆರಳಗಲ ಪಕ್ಕಕ್ಕೆ ಸರಿಸಿ ಇನ್ನೊಮ್ಮೆ ಎಳೆಯಿರಿ. ಮತ್ತೊಂದು ಬೆರಳು ಸರಿಸಿ ಮತ್ತೊಮ್ಮೆ. ಹೀಗೆ ನೂರು ಸಲ ಮಾಡಿದರೆ ನೆಲದ ಮೇಲೆ ಏನು ಉಳಿಯುತ್ತದೆ? ಬರೀ ಬಿಳಿ ಪುಡಿ. ನೂರು ನವಿಲು ಅಲ್ಲೇ ಇವೆ, ಒಂದೂ ಕಾಣುವುದಿಲ್ಲ. ಬಯಲಿನಲ್ಲಿರುವ ಗೋಡೆ ಅಂದರೆ ಆ ಬಿಳಿ ಪುಡಿ. ಕಿಂಡಿಯ ಕೆಲಸ ಇಷ್ಟೇ: ತೊಂಬತ್ತೊಂಬತ್ತು ನವಿಲನ್ನು ಹೊರಗೆ ತಡೆದು ಒಂದನ್ನು ಮಾತ್ರ ಒಳಗೆ ಬಿಡುವುದು.

ಸಂತೆಯ ಗಲಾಟೆಯೂ ಹೀಗೆಯೇ. ಎಲ್ಲರೂ ಒಟ್ಟಿಗೆ ಕೂಗಿದರೆ ಬರೀ 'ಗೌ' ಅನ್ನುವ ಸದ್ದು. ಬಾಕಿಯವರೆಲ್ಲ ಸುಮ್ಮನಾದರೆ ಟೊಮೆಟೊ ಮಾರುವವನ ಮಾತು ಸ್ಪಷ್ಟ. ಅವನೇನೂ ಹೊಸದಾಗಿ ಕೂಗಲಿಲ್ಲ. ಮೊದಲೂ ಕೂಗುತ್ತಲೇ ಇದ್ದ.

ತಲೆಕೆಳಗು ಆಗುವುದು ಯಾಕೆ ಅನ್ನುವುದು ಇನ್ನೂ ಸುಲಭ. ಬೆಳಕು ನೆಟ್ಟಗೆ ಹೋಗುತ್ತದೆ, ಗಾರೆ ಕೆಲಸದವರು ಎಳೆದು ಕಟ್ಟಿದ ದಾರದ ಹಾಗೆ. ಕಲಶ ಮೇಲಿದೆ, ಕಿಂಡಿ ಕೆಳಗಿದೆ. ಕಲಶದಿಂದ ಕಿಂಡಿಗೆ ದಾರ ಎಳೆದರೆ ಅದು ಇಳಿಜಾರಾಗಿಯೇ ಬರಬೇಕು. ಕಿಂಡಿ ದಾಟಿದ ಮೇಲೂ ಅದೇ ಇಳಿಜಾರಿನಲ್ಲಿ ಹೋಗಿ ಗೋಡೆಯ ಕೆಳಭಾಗಕ್ಕೆ ಬಡಿಯುತ್ತದೆ. ಗೋಪುರದ ಬುಡದಿಂದ ಬಂದ ದಾರ ಮೇಲುಭಾಗಕ್ಕೆ. ಬಾವಿಯ ಏತ ನೋಡಿದವರಿಗೆ ಇಷ್ಟೂ ಹೇಳಬೇಕಿಲ್ಲ. ನಡುವೆ ಒಂದು ಆಧಾರ, ಈ ತುದಿ ಮೇಲೆ ಹೋದರೆ ಆ ತುದಿ ಕೆಳಗೆ. ಕಿಂಡಿಯೇ ಆ ಆಧಾರ, ಬೆಳಕಿನ ಒಂದೊಂದು ಎಳೆಯೂ ಒಂದೊಂದು ಏತದ ಕೋಲು. ಹೋಲಿಕೆ ಜಾಸ್ತಿಯಾಯಿತೇನೋ, ಆದರೆ ಏತ ಬಿಟ್ಟು ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಒಂದು ಸೂಕ್ಷ್ಮ ಹೆಚ್ಚಿನವರ ಗಮನಕ್ಕೆ ಬರುವುದೇ ಇಲ್ಲ. ಗೋಡೆ ಮೇಲಿನ ಗೋಪುರದ ಫೋಟೊ ತೆಗೆದು, ಫೋನನ್ನು ತಲೆಕೆಳಗು ಮಾಡಿ ನೋಡಿ. ಗೋಪುರ ನೆಟ್ಟಗೆ ನಿಂತಿತು. ಸರಿಹೋಯಿತು ಅಂದುಕೊಳ್ಳುತ್ತೀರಿ. ಇಲ್ಲ, ಈಗ ಎಡ-ಬಲ ಅದಲುಬದಲಾಗಿದೆ, ಕನ್ನಡಿಯಲ್ಲಿ ಕಂಡ ಹಾಗೆ. ಗೋಪುರದ ಎರಡು ಬದಿಯೂ ಒಂದೇ ಥರ ಇರುವುದರಿಂದ ಗೊತ್ತಾಗುವುದಿಲ್ಲ. ಮಂಗ ಬರೀ ಎಡಗಡೆ ಕೂತಿದ್ದರೆ ಗೊತ್ತಾಗುತ್ತದೆ.

ಗೋಪುರ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು ಮೂರನೇ ಕ್ಲಾಸಿನ ಭಾಗಾಕಾರ. ರಾಜಗೋಪುರ ಒಂಬತ್ತು ಅಂತಸ್ತು, ಸುಮಾರು 50 ಮೀಟರ್ ಎತ್ತರ. ಲೆಕ್ಕಕ್ಕೆ, ಕಿಂಡಿಯಿಂದ ಅದು 100 ಮೀಟರ್ ದೂರ, ಕಿಂಡಿಯಿಂದ ಒಳಗಿನ ಗೋಡೆ 4 ಮೀಟರ್ ಅಂತ ಇಟ್ಟುಕೊಳ್ಳೋಣ. 25 ಪಾಲು ಚಿಕ್ಕದು. ಅಂದರೆ ಗೋಡೆ ಮೇಲೆ 2 ಮೀಟರಿನ ಗೋಪುರ. ಕಿಂಡಿ 4 ಸೆಂಟಿಮೀಟರ್ ಅಗಲ ಇದ್ದರೆ ಗೊಂಬೆಯ ಮೂಗು ಚುಕ್ಕೆಯಾಗಿ ಬೀಳದೆ 4 ಸೆಂಟಿಮೀಟರಿನ ಮಚ್ಚೆಯಾಗಿ ಬೀಳುತ್ತದೆ. 25ರಿಂದ ಗುಣಿಸಿದರೆ ಗೋಪುರದ ಮೇಲೆ ಒಂದು ಮೀಟರ್. ಹಾಗಾಗಿ ಅಂತಸ್ತು ಎಣಿಸಬಹುದು, ಮೂಗು ಹುಡುಕಬಾರದು. ಕಿಂಡಿಯನ್ನು ಹತ್ತು ಪಟ್ಟು ಸಣ್ಣದು ಮಾಡಿದರೆ ಚಿತ್ರ ಚೊಕ್ಕವಾಗುತ್ತದೆ, ಆದರೆ ಬೆಳಕು ನೂರು ಪಟ್ಟು ಕಮ್ಮಿ. 2-3 ಮಿಲಿಮೀಟರಿಗಿಂತ ಸಣ್ಣದು ಮಾಡಿದರೆ ಇನ್ನೊಂದು ಫಜೀತಿ: ಬೆಳಕು ಅಲೆಯಾದ್ದರಿಂದ ಕಿಂಡಿ ದಾಟುವಾಗ ತಾನೇ ಹರಡಿಕೊಂಡು ಚಿತ್ರ ಮತ್ತೆ ಮಂಕಾಗುತ್ತದೆ.

ಇಷ್ಟು ಓದಿ ನಂಬಬೇಡಿ. ಮನೆಯಲ್ಲಿ ಬೀದಿಗೆ ತೆರೆಯುವ ಕಿಟಕಿಯ ಕೋಣೆ ಇದ್ದರೆ, ಕಪ್ಪು ರಟ್ಟು ಹಚ್ಚಿ ಕತ್ತಲೆ ಮಾಡಿ. ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ. ರಟ್ಟಿನಲ್ಲಿ ಬಟಾಣಿ ಕಾಳಿನಷ್ಟು ತೂತು ಮಾಡಿ, ಐದು ನಿಮಿಷ ಕಾಯಿರಿ. ಎದುರು ಮನೆ ತಾರಸಿ ಕೆಳಗೆ ಮಾಡಿಕೊಂಡು ನೇತಾಡುತ್ತದೆ. ಆಟೋ ಬಂದರೆ ಗೋಡೆಯ ಮೇಲಂಚಿನಲ್ಲಿ ಚಕ್ರ ಮೇಲೆ ಮಾಡಿಕೊಂಡು ಓಡುತ್ತದೆ. ಪಕ್ಕದಲ್ಲಿ ಇನ್ನೊಂದು ತೂತು ಮಾಡಿದರೆ ಎರಡು ಆಟೋ. ಹತ್ತು ತೂತು ಮಾಡಿದರೆ ಹತ್ತು ಆಟೋ ಒಂದರ ಮೇಲೊಂದು ಹತ್ತಿಕೊಂಡು ಗೊಜ್ಜಾಗುತ್ತವೆ. ರಟ್ಟು ಪೂರ್ತಿ ತೆಗೆದರೆ ಬರೀ ಬೆಳ್ಳಗಿನ ಗೋಡೆ. ಆಟೋಗಳೆಲ್ಲ ಅಲ್ಲೇ ಇವೆ ಅಂತ ಈಗ ನಿಮಗೆ ಗೊತ್ತು.

ಇದನ್ನು ಮೊದಲು ಯಾರು ನೋಡಿದರು? ಇದರ ದಾಖಲೆ ಕ್ರಿಸ್ತ ಹುಟ್ಟುವುದಕ್ಕಿಂತ ಹಿಂದಕ್ಕೆ ಹೋಗುತ್ತದೆ. ಚೀನಾದಲ್ಲಿ ಮೋಝಿ ಅನ್ನುವ ತತ್ವಜ್ಞಾನಿಯ ಶಿಷ್ಯರು ತೂತಿನಿಂದ ಚಿತ್ರ ತಲೆಕೆಳಗಾಗುವುದನ್ನು ಬರೆದಿಟ್ಟರು. ಆದರೆ ನನ್ನ ಹೀರೋ ಇಬ್ನ್ ಅಲ್-ಹೈಥಮ್. ಈಗಿನ ಇರಾಕಿನ ಬಸ್ರಾದಲ್ಲಿ 965ರ ಸುಮಾರಿಗೆ ಹುಟ್ಟಿ, ಕೈರೋದಲ್ಲಿ ಕೆಲಸ ಮಾಡಿದವನು. ಅವನು ಕತ್ತಲೆ ಕೋಣೆಯ ತೂತಿನ ಮುಂದೆ ಸಾಲಾಗಿ ದೀಪ ಇಟ್ಟ. ಒಳಗೆ ಅಷ್ಟೇ ಬೆಳಕಿನ ಮಚ್ಚೆಗಳು ಬಿದ್ದವು. ಒಂದು ದೀಪ ಮರೆಮಾಡಿದ. ಒಂದು ಮಚ್ಚೆ ಮಾತ್ರ ಹೋಯಿತು, ಉಳಿದವು ಅಲ್ಲಾಡಲಿಲ್ಲ. ಅಷ್ಟೂ ದೀಪಗಳ ಬೆಳಕು ಒಂದೇ ತೂತಿನಲ್ಲಿ ನುಗ್ಗಿದರೂ ಒಂದಕ್ಕೊಂದು ಕಲಸಿಕೊಳ್ಳುವುದಿಲ್ಲ, ತಂತಮ್ಮ ದಾರಿ ಹಿಡಿದು ನೆಟ್ಟಗೆ ಹೋಗುತ್ತವೆ ಅಂತ ತೋರಿಸಿದ. ನಮ್ಮ ಗೈಡಿಗೆ ಗೊತ್ತಿಲ್ಲದ ವಿಜ್ಞಾನಿ ಇವನೇ. ವಿಜಯನಗರ ಹುಟ್ಟುವುದಕ್ಕೆ ಇನ್ನೂ ಮುನ್ನೂರು ವರ್ಷ ಇತ್ತು.

ವಿಜಯನಗರ ಅಂದ ಮೇಲೆ ಗುಡಿಯ ಕಥೆಯನ್ನೂ ಹೇಳಿಬಿಡಬೇಕು. ಹಂಪಿ ಅಂದರೆ ಸಾಮ್ರಾಜ್ಯ, ಸಾಮ್ರಾಜ್ಯ ಕಟ್ಟಿದ ಮೇಲೆ ಗುಡಿ ಅಂತ ಹಲವರ ತಲೆಯಲ್ಲಿದೆ. ಉಲ್ಟಾ. ಗುಡಿ ಮೊದಲು, ಸಾಮ್ರಾಜ್ಯ ಆಮೇಲೆ. 1336ರಲ್ಲಿ ಹರಿಹರ-ಬುಕ್ಕರು ರಾಜ್ಯ ಕಟ್ಟುವ ಹೊತ್ತಿಗೆ ಇದು ಆಗಲೇ ಹಳೇ ಕ್ಷೇತ್ರ. ಕವಿ ಹರಿಹರ ಅದಕ್ಕೂ ನೂರು ವರ್ಷಕ್ಕಿಂತ ಮೊದಲೇ ಇಲ್ಲಿ ವಿರೂಪಾಕ್ಷನನ್ನು ಹಾಡಿದವನು. ಅದಕ್ಕಿಂತ ಹಿಂದೆ ಹೋದರೆ ಸಿಗುವವಳು ಪಂಪೆ. ತುಂಗಭದ್ರೆಯ ಹಳೇ ಹೆಸರೇ ಪಂಪಾ. ಹೊಳೆಯ ದೇವಿಗೆ ಶಿವನ ಜೊತೆ ಮದುವೆಯಾಯಿತು, ಅವನು ಪಂಪಾಪತಿಯಾದ. ಈಗಲೂ ಇಲ್ಲಿ ವರ್ಷವರ್ಷ ಇಬ್ಬರ ನಿಶ್ಚಿತಾರ್ಥ ಫಲಪೂಜೆಯಾಗಿ, ಆಮೇಲೆ ಕಲ್ಯಾಣೋತ್ಸವವಾಗಿ ನಡೆಯುತ್ತದೆ. ಊರಿನ ಹೆಸರಿನಲ್ಲೂ ಅವಳೇ ಇದ್ದಾಳೆ. ಹಳಗನ್ನಡದ 'ಪ' ಕಾಲ ಕಳೆದ ಹಾಗೆ 'ಹ' ಆಯಿತಲ್ಲ, ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಹಾಗೆಯೇ ಪಂಪೆ ಹಂಪೆಯಾಯಿತು. ಇದೂ ಒಂದು ನಿಯಮವೇ. ಬೆಳಕಿನ ನಿಯಮದಷ್ಟು ಕಟ್ಟುನಿಟ್ಟಲ್ಲ, ಅಷ್ಟೇ.

ದೊರೆಗಳು ತಮ್ಮ ಹೆಸರಿನಲ್ಲಿ ರುಜು ಹಾಕುತ್ತಿರಲಿಲ್ಲ. ಸಂಸ್ಕೃತದಲ್ಲಿ ಬರೆದ, ನಂದಿನಾಗರಿ ಲಿಪಿಯ ತಾಮ್ರಪಟದ ಕೊನೆಯಲ್ಲೂ 'ಶ್ರೀ ವಿರೂಪಾಕ್ಷ' ಅಂತ ಕನ್ನಡ ಅಕ್ಷರದಲ್ಲಿ ಕೊರೆಸುತ್ತಿದ್ದರು. ರಾಜ್ಯ ದೇವರದ್ದು, ನಾವು ನೋಡಿಕೊಳ್ಳುವವರು ಅನ್ನುವ ಲೆಕ್ಕ. ಕೃಷ್ಣದೇವರಾಯ ಪಟ್ಟಕ್ಕೆ ಬಂದಾಗ ಇಲ್ಲಿ ರಂಗಮಂಟಪ ಕಟ್ಟಿಸಿದ. 1510ರ ಆ ಶಾಸನ ಮಂಟಪದ ಮುಂದೆ ಈಗಲೂ ನಿಂತಿದೆ. 1565ರ ಯುದ್ಧದಲ್ಲಿ ಸೋತ ಮೇಲೆ ರಾಜಧಾನಿ ಹಾಳಾಯಿತು. ವಿಠ್ಠಲನ ಗುಡಿಯಲ್ಲಿ ದೀಪ ಆರಿತು. ವಿರೂಪಾಕ್ಷನ ಗುಡಿಯಲ್ಲಿ ಇವತ್ತಿಗೂ ಪೂಜೆ ಇದೆ. ಯುನೆಸ್ಕೊ 1986ರಲ್ಲಿ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇಲ್ಲಿ ಎಂದಿನ ಹಾಗೆ ಮಂಗಳಾರತಿ ನಡೆದೇ ಇತ್ತು.

ಗೋಪುರದ ಬುಡ ಕಲ್ಲು, ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಗಾರೆ. ಅಷ್ಟು ಎತ್ತರಕ್ಕೆ ಕಲ್ಲೇ ಪೇರಿಸಿದ್ದರೆ ಬುಡದ ಮೇಲೆ ಭಾರ ಎಷ್ಟಾಗುತ್ತಿತ್ತು ಅಂತ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ನಾವು ಮೆಚ್ಚಬೇಕಾದ ಎಂಜಿನಿಯರಿಂಗ್ ಇದು. ಆದರೆ ಇದರ ಬಗ್ಗೆ ಯಾರೂ ವಾಟ್ಸಾಪ್ ಫಾರ್ವರ್ಡ್ ಮಾಡುವುದಿಲ್ಲ.

ಫಾರ್ವರ್ಡ್ ಬರುವುದು ಇನ್ನೊಂದು: "ನಮ್ಮ ಪೂರ್ವಜರು ಐನೂರು ವರ್ಷದ ಹಿಂದೆಯೇ ಕ್ಯಾಮೆರಾ ಕಂಡುಹಿಡಿದಿದ್ದರು, ವಿರೂಪಾಕ್ಷ ಗುಡಿಯೇ ಸಾಕ್ಷಿ." ಗೈಡಿನದ್ದು ಪವಾಡದ ವಾದ, ಇದು ಹೆಮ್ಮೆಯ ವಾದ. ನನಗೆ ಎರಡೂ ಒಂದೇ ಸೋಮಾರಿತನ ಅನ್ನಿಸುತ್ತದೆ. ಕತ್ತಲೆ ಕೋಣೆ, ಸಣ್ಣ ಕಿಂಡಿ, ಎದುರಿಗೆ ಬಿಸಿಲಿನಲ್ಲಿ ನಿಂತ ಎತ್ತರದ ವಸ್ತು. ಈ ಮೂರು ಕೂಡಿದಲ್ಲೆಲ್ಲ ಚಿತ್ರ ಬಿದ್ದೇ ಬೀಳುತ್ತದೆ, ಯಾರಾದರೂ ಯೋಜನೆ ಹಾಕಲಿ ಬಿಡಲಿ. ನಮ್ಮ ಗುಡಿಗಳಲ್ಲಿ ಕತ್ತಲೆ ಕೋಣೆಗೂ ಗಾಳಿಕಿಂಡಿಗೂ ಬರವಿಲ್ಲ. ಒಂದು ಹಳ್ಳಿ ದಾನ ಕೊಟ್ಟರೆ ಅದರ ಎಲ್ಲೆಯನ್ನು ಕಲ್ಲಿನಲ್ಲಿ ಕೊರೆಸುವ ಜನ ನಮ್ಮವರು. ಬೇಕಂತಲೇ ಇಂಥದೊಂದು ಮಾಡಿಸಿದ್ದರೆ ಎರಡು ಸಾಲು ಕೊರೆಸದೆ ಬಿಡುತ್ತಿದ್ದರೇ? ಕೋಣೆಯ ಬಾಗಿಲಿಗೆ ಒಂದು ಕದ ಹಾಕಿಸಿ ಇನ್ನಷ್ಟು ಕತ್ತಲೆ ಮಾಡುತ್ತಿರಲಿಲ್ಲವೇ?

ನನಗೆ ಬೇರೆ ಒಬ್ಬರ ಮೇಲೆ ಮೆಚ್ಚುಗೆ. ಯಾರೋ ಒಬ್ಬರು, ಪಾತ್ರೆ ಇಡಲು ಬಂದ ಪರಿಚಾರಕರೋ, ಕಸ ಗುಡಿಸಲು ಬಂದ ಹೆಂಗಸೋ, ಒಂದು ದಿನ ಗೋಡೆ ನೋಡಿ ನಿಂತಿರಬೇಕು. ಇದು ಗೋಪುರ ಅಲ್ವಾ ಅಂತ ಹೊರಗೆ ಓಡಿ ನೋಡಿರಬೇಕು. ಆಮೇಲೆ ಆ ಕಿಂಡಿಗೆ ಗಾರೆ ಮೆತ್ತದ ಹಾಗೆ ಕಾದುಕೊಂಡು ಬಂದವರು ಇರಬೇಕು. ವಿಜ್ಞಾನ ಶುರುವಾಗುವುದು ಅಲ್ಲಿ.

ಮಲೆನಾಡಿನ ಹಂಚಿನ ಮನೆಯಲ್ಲಿ ಬೆಳೆದ ನಾನು ಆ ಅವಕಾಶ ಎಷ್ಟು ವರ್ಷ ಕಳೆದುಕೊಂಡೆ ಅಂದರೆ ನಾಚಿಕೆಯಾಗುತ್ತದೆ. ಮಂಗಳೂರು ಹಂಚಿನ ಸಂದಿಯಿಂದ ಬಿಸಿಲುಕೋಲು ಇಳಿದು ನೆಲದ ಮೇಲೆ ದುಂಡನೆ ಬಿಲ್ಲೆ ಬೀಳುತ್ತಿತ್ತು. ಅದನ್ನು ಹಿಡಿಯಲು ಕೈ ಒಡ್ಡಿ ಆಡದ ಮಗು ಇಲ್ಲ. ಹಂಚಿನ ಸಂದಿ ಮೂರು ಮೂಲೆ, ನಾಲ್ಕು ಮೂಲೆ, ಹರಕುಮುರುಕು. ಬಿಲ್ಲೆ ಮಾತ್ರ ಯಾವಾಗಲೂ ದುಂಡಗೆ ಯಾಕೆ? ನಾನು ಕೇಳಲೇ ಇಲ್ಲ. ಅದು ಸಂದಿಯ ಆಕಾರ ಅಲ್ಲ, ಸೂರ್ಯನ ಚಿತ್ರ. ಅಜ್ಜಿ ಸೆಗಣಿ ಸಾರಿಸಿದ ನೆಲದ ಮೇಲೆ ಇಡೀ ಸೂರ್ಯ ಬಿದ್ದುಕೊಂಡಿದ್ದ, ನಾನು ಅವನನ್ನು ತುಳಿದುಕೊಂಡು ಓಡಾಡಿದೆ.

ಟೇಪು ಇದ್ದರೆ ಅಳೆಯಬಹುದು. ಸಂದಿಯಿಂದ ಬಿಲ್ಲೆಯ ತನಕ ಬಿಸಿಲುಕೋಲಿನ ಉದ್ದ 3 ಮೀಟರ್ ಇದ್ದರೆ ಬಿಲ್ಲೆಯ ಅಗಲ ಸುಮಾರು 2.8 ಸೆಂಟಿಮೀಟರ್. ಓರೆಯಾಗಿ ಬಿದ್ದರೆ ಬಿಲ್ಲೆ ಮೊಟ್ಟೆಯ ಹಾಗೆ ಉದ್ದವಾಗುತ್ತದೆ, ಒಂದು ರಟ್ಟನ್ನು ಬಿಸಿಲುಕೋಲಿಗೆ ಅಡ್ಡ ಹಿಡಿದು ಅಳೆಯಿರಿ. ಉದ್ದವನ್ನು ಅಗಲದಿಂದ ಭಾಗಿಸಿದರೆ 107ರ ಆಸುಪಾಸು ಬರುತ್ತದೆ. ಸೂರ್ಯ ತನ್ನ ಅಗಲದ ಅಷ್ಟು ಪಟ್ಟು ದೂರದಲ್ಲಿದ್ದಾನೆ ಅಂತ ಅರ್ಥ. ಅಡುಗೆಮನೆಯ ನೆಲದ ಮೇಲೆ ಮಾಡುವ ಖಗೋಳ ವಿಜ್ಞಾನ ಇದು. ಇಲ್ಲೂ ಒಬ್ಬರು ಓಡಿ ಬಂದು "ನೋಡಿ, 108! ಜಪಮಾಲೆಯ ಮಣಿ!" ಅನ್ನುತ್ತಾರೆ. ಭೂಮಿ ಸೂರ್ಯನ ಹತ್ತಿರ ಇರುವ ಜನವರಿಯಲ್ಲಿ ಆ ಸಂಖ್ಯೆ 106ಕ್ಕಿಂತ ಕಮ್ಮಿ, ದೂರ ಹೋಗುವ ಜುಲೈನಲ್ಲಿ 109ಕ್ಕಿಂತ ಜಾಸ್ತಿ. ತಿಂಗಳಿಗೊಂದು ಮಾಲೆ ಪೋಣಿಸಬೇಕಾದೀತು.

2019ರ ಡಿಸೆಂಬರ್ 26ರ ಬೆಳಗ್ಗೆ ಸೂರ್ಯಗ್ರಹಣ ಆಯಿತಲ್ಲ, ಮಂಗಳೂರಿನ ಕಡೆ ಬಳೆಯ ಹಾಗೆ ಕಂಡಿದ್ದು. ಅವತ್ತು ನಮ್ಮ ಹೊಂಗೆ ಮರದ ಕೆಳಗೆ ನೂರಾರು ಕುಡುಗೋಲು ಬಿದ್ದಿದ್ದವು. ಎಲೆಗಳ ನಡುವಿನ ಒಂದೊಂದು ಸಂದಿಯೂ ವಿರೂಪಾಕ್ಷನ ಕಿಂಡಿಯೇ. ಒಂದೊಂದೂ ಕಚ್ಚಿದ ಸೂರ್ಯನ ಚಿತ್ರ ಬಿಡಿಸುತ್ತಿತ್ತು. ಕಣ್ಣಿಗೆ ಅಪಾಯವಿಲ್ಲ, ಕನ್ನಡಕ ಬೇಡ, ಕಾಸು ಖರ್ಚಿಲ್ಲ. ಬೀದಿಯಲ್ಲಿ ಇದ್ದದ್ದು ನಾನು ಮತ್ತು ಒಂದು ನಾಯಿ. ಉಳಿದವರೆಲ್ಲ ಬಾಗಿಲು ಹಾಕಿಕೊಂಡು ನೀರಿಗೆ ದರ್ಬೆ ಹಾಕಿ ಕೂತಿದ್ದರು. ಅದೇ ದಿನ ಕಲಬುರಗಿ ಕಡೆ ಅಂಗವೈಕಲ್ಯ ವಾಸಿಯಾಗುತ್ತದೆ ಅಂತ ಮಕ್ಕಳನ್ನು ಕುತ್ತಿಗೆ ತನಕ ಮಣ್ಣಿನಲ್ಲಿ ಹೂತರು. ಪೇಪರಿನಲ್ಲಿ ಆ ಫೋಟೊ ನೋಡಿದ ಮೇಲೆ ಗೈಡಿನ ಮಾತಿಗೆ ಬರೀ ನಕ್ಕು ಸುಮ್ಮನಾಗಲು ನನಗೆ ಆಗುತ್ತಿಲ್ಲ. ತಲೆಕೆಳಗಾದ ಗೋಪುರ ಪವಾಡ ಅನ್ನುವುದರಿಂದ ಯಾರಿಗೂ ನೋವಿಲ್ಲ, ನಿಜ. ಆದರೆ "ಯಾಕೆ" ಅಂತ ಕೇಳದಿರುವ ಅಭ್ಯಾಸ ಗೋಪುರದ ಹತ್ತಿರವೇ ನಿಲ್ಲುವುದಿಲ್ಲ.

ಸಂಗೀತದ ಕಂಬಗಳ ಬಗ್ಗೆಯೂ ಇಲ್ಲೇ ಎರಡು ಮಾತು. ವಿಠ್ಠಲನ ಗುಡಿಯ ಕಂಬ ಪೊಳ್ಳು, ಒಳಗೆ ಏನೋ ಗುಟ್ಟಿದೆ ಅನ್ನುತ್ತಾರೆ. ಕಲ್ಪಾಕ್ಕಂನ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಗಟ್ಟಿ ಕಲ್ಲು. ತೆಳ್ಳಗಿನ ಗಟ್ಟಿ ಕಲ್ಲಿನ ಕೋಲು ಬಡಿದರೆ ನಾದ ಬರುತ್ತದೆ, ಉದ್ದ-ದಪ್ಪ ಬದಲಾದರೆ ಸ್ವರ ಬದಲಾಗುತ್ತದೆ. ಬಡಿಯಬೇಡಿ, ಸವೆದು ಹೋಗುತ್ತಿವೆ.

ಕ್ಯಾಮೆರಾದ ಮಾತು ಬಂತಲ್ಲ, ಹಂಪಿಗೂ ಅದಕ್ಕೂ ನಿಜವಾದ ನಂಟು ಒಂದಿದೆ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಒಂದು ದೊಡ್ಡ ಮರದ ಪೆಟ್ಟಿಗೆ ಹೊತ್ತುಕೊಂಡು ಇಲ್ಲಿಗೆ ಬಂದ. ಫೋಟೊ ತೆಗೆಯುವ ವಿದ್ಯೆ ಲೋಕಕ್ಕೆ ಗೊತ್ತಾಗಿ ಆಗ ಹದಿನೇಳೇ ವರ್ಷ. ಪೆಟ್ಟಿಗೆ ಅಂದರೆ ಮತ್ತೇನಲ್ಲ, ನಮ್ಮ ಕತ್ತಲೆ ಕೋಣೆಯೇ ಕುಗ್ಗಿ ಕೈಗೆ ಬಂದದ್ದು. ಕಿಂಡಿಯ ಜಾಗದಲ್ಲಿ ಮಸೂರ, ಗೋಡೆಯ ಜಾಗದಲ್ಲಿ ಬೆಳಕಿಗೆ ಕಪ್ಪಾಗುವ ಕಾಗದ. ಹಂಪಿಯ ಗುಡಿಗಳೆಲ್ಲ ಒಂದೊಂದಾಗಿ ಅದರೊಳಗೆ ತಲೆಕೆಳಗಾಗಿ ಇಳಿದವು. ಆ ಕಾಗದಗಳು ನೂರಕ್ಕೂ ಹೆಚ್ಚು ವರ್ಷ ಎಲ್ಲೋ ಮರೆಯಾಗಿದ್ದು ಮತ್ತೆ ಸಿಕ್ಕವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಐವತ್ತು ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥ ಇದೆಯಲ್ಲ, ಗ್ರೀನ್‌ಲಾ ಫೋಟೊದಲ್ಲಿ ಅದರ ತಲೆ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಇಲ್ಲ. ಬೋಳು ತಲೆಯ ರಥವೇ ಅಸಲಿ ಅಂತ ನಾವು ನೋಟಿನ ಮೇಲೆ ಅಚ್ಚು ಹಾಕಿಕೊಂಡಿದ್ದೇವೆ.

ಗರ್ಭಗುಡಿಯ ದೇವರ ಹೆಸರನ್ನು ಬಿಡಿಸಿ ನೋಡಿದರೆ ನನಗೆ ಪ್ರತಿ ಸಲ ಖುಷಿಯಾಗುತ್ತದೆ. ವಿರೂಪ ಅಕ್ಷ, ಎಲ್ಲರ ಹಾಗಲ್ಲದ ಕಣ್ಣುಳ್ಳವನು. ಅವನ ಬೆನ್ನ ಹಿಂದೆ ಒಂದು ಕೋಣೆ, ಅದಕ್ಕೊಂದು ಪಾಪೆ. ನಮ್ಮ ಕಣ್ಣೂ ಇಂಥದೇ ಕತ್ತಲೆ ಕೋಣೆ. ಅದರ ಹಿಂದಿನ ಪರದೆಯ ಮೇಲೆ ಲೋಕ ತಲೆಕೆಳಗಾಗಿ ಬೀಳುತ್ತದೆ ಅಂತ ಖಗೋಳ ವಿಜ್ಞಾನಿ ಕೆಪ್ಲರ್ 1604ರಲ್ಲಿ ಬರೆದ. ಸಮುದ್ರದ ನಾಟಿಲಸ್ ಅನ್ನುವ ಜೀವಿಯ ಕಣ್ಣಿಗೆ ಮಸೂರವೂ ಇಲ್ಲ, ಬರೀ ತೂತು. ಅದು ಹೋದಲ್ಲೆಲ್ಲ ವಿರೂಪಾಕ್ಷನ ಕೋಣೆಯನ್ನು ಹೊತ್ತುಕೊಂಡೇ ಈಜುತ್ತದೆ.

ಆ ಗುಂಪು ಹೋದ ಮೇಲೆ ನಾನು ಅಲ್ಲೇ ಮೂಲೆಯಲ್ಲಿ ನಿಂತಿದ್ದೆ. ಕಣ್ಣು ಕತ್ತಲೆಗೆ ಹೊಂದಿಕೊಂಡಿತ್ತು. ಕೊಪ್ಪಳದ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದರು. ಅವರ ಹತ್ತಿರ ಟಾರ್ಚೂ ಇರಲಿಲ್ಲ, ಗೈಡೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಕಿಂಡಿ ನೋಡಿದರು, ಮತ್ತೆ ಗೋಡೆ. ಗೋಡೆಯ ಕೆಳಗೆ, ಸೊಂಟದ ಎತ್ತರದಲ್ಲಿ ಗೋಪುರದ ತುದಿ ಇತ್ತು. ಅಜ್ಜಿ ಬಗ್ಗಿ ಅದರ ಮುಂದೆ ಕೈ ಚಾಚಿದರು. ಕಲಶ ಗೋಡೆ ಬಿಟ್ಟು ಅವರ ಮುಂಗೈ ಮೇಲೆ, ಹಸಿರು ಬಳೆಗಳ ಪಕ್ಕ ಬಂದು ಕೂತಿತು.

"ಬೇ, ಅದು ಮ್ಯಾಲೆ ಐತಲ್ಲ, ನಿನ್ ಕೈಯಾಗ ಹೆಂಗ ಬಂತು?" ಅಂತ ಹುಡುಗ ಕೇಳಿದ.

ಅಜ್ಜಿ ಕೈಯನ್ನು ಸ್ವಲ್ಪ ಮೇಲೆ ಸರಿಸಿದರು. ಕಲಶ ಹೋಗಿ ಒಂಬತ್ತನೇ ಅಂತಸ್ತು ಬಂತು. ಇನ್ನೂ ಮೇಲೆ ಸರಿಸಿದರು. ಎಂಟನೆಯದು. "ತಡಿ, ನೋಡೂಣು," ಅಂದರು.